ಹರಿದು ಹಂಚಿದ ಹಾಡು

ನಮ್ಮ ಊರಿನಲ್ಲಿ ಹಾಡು ಕೊಡುವುದೆಂದರೆ ಸೀರೆ ಕೊಟ್ಟ ಹಾಗೆ. ಕೊಟ್ಟ ಮೇಲೆ ಅದು ಕೊಟ್ಟವರ ಹತ್ತಿರ ಇರುತ್ತಿರಲಿಲ್ಲ. ಒಬ್ಬರು ಹಾಡಬೇಕು, ಇನ್ನೊಬ್ಬರು ಎದುರಿಗೆ ಕುಳಿತು ತಿರುಗಿ ಹಾಡಬೇಕು. ಕಲಿಯುವವರು ತಪ್ಪಿಲ್ಲದೆ ಹಾಡಿದ ಗಳಿಗೆಗೆ ಕಲಿಸಿದವರ ಬಾಯಿಂದ ಹಾಡು ಹೊರಟುಹೋಗುತ್ತಿತ್ತು. ಆಮೇಲೆ ಅವರು ಎಷ್ಟು ತಿಣುಕಿದರೂ ಅದರ ಒಂದು ಎಳೆಯೂ ನೆನಪಾಗುತ್ತಿರಲಿಲ್ಲ. ಬರೀ ಕೇಳಿದವರಿಗೆ ಕೇಳಿದ ನೆನಪು ಇರುತ್ತಿತ್ತು, ಹಾಡಲು ಬರುತ್ತಿರಲಿಲ್ಲ. ಇದನ್ನು ನಾವು ಯಾರೂ ದೊಡ್ಡ ಸಂಗತಿ ಎಂದು ತಿಳಿದಿರಲಿಲ್ಲ. ಮಗಳು ಗಂಡನ ಮನೆಗೆ ಹೊರಟಾಗ ಬೀಸುವ ಹಾಡನ್ನು ಈಗಲೇ ಕೊಡಬೇಕೋ, ಇನ್ನೊಂದಿಷ್ಟು ದಿನ ತಾವೇ ಇಟ್ಟುಕೊಳ್ಳಬೇಕೋ ಎಂದು ತಾಯಂದಿರು ತಲೆ ಕೆಡಿಸಿಕೊಳ್ಳುತ್ತಿದ್ದರು. ಜೋಗುಳವನ್ನಂತೂ ಕೊನೆಯ ಕೂಸು ತೊಟ್ಟಿಲಿನಿಂದ ಇಳಿಯುವ ತನಕ ಯಾರೂ ಕೈಬಿಡುತ್ತಿರಲಿಲ್ಲ. ಬಜಾರದ ಬಂಗಾರದಂಗಡಿಯ ಅಜ್ಜನೊಬ್ಬ ತನ್ನ ಹಾಡುಗಳನ್ನು ಹೆತ್ತ ಮಕ್ಕಳಿಗೂ ಕೊಡದೆ ಹೊಟ್ಟೆಯಲ್ಲಿ ಇಟ್ಟುಕೊಂಡೇ ಸತ್ತುಹೋದ. ಮಣ್ಣು ಮಾಡಲು ಹೋದವರು ಅವನಿಗಿಂತ ಅವನ ಹಾಡುಗಳಿಗೇ ಹೆಚ್ಚು ಅತ್ತರು.

ನಾನು ಹುಟ್ಟಿದ್ದು ಸುಣಗಾರ ಓಣಿಯಲ್ಲಿ. ಭಟ್ಟಿಯಲ್ಲಿ ಸುಣ್ಣದ ಕಲ್ಲು ಸುಡುವ ಮಂದಿ ನಾವು. ಯಾವುದೋ ಕೆಟ್ಟ ಕಾಲದಲ್ಲಿ ನಮ್ಮ ಮುತ್ತಜ್ಜಿಯರು ಇದ್ದಬದ್ದ ಹಾಡುಗಳನ್ನೆಲ್ಲ ಬಜಾರದ ಮನೆಗಳಿಗೆ ಕೊಟ್ಟು ಜೋಳ ತಂದು ಮಕ್ಕಳನ್ನು ಉಳಿಸಿಕೊಂಡಿದ್ದರಂತೆ. ಹೀಗಾಗಿ ನಮ್ಮ ಓಣಿಯಲ್ಲಿ ಕೂಸುಗಳನ್ನು ಬರೀ ಬೆನ್ನು ತಟ್ಟಿ ಮಲಗಿಸುತ್ತಿದ್ದರು. ಮದುವೆಯಲ್ಲಿ ಹೆಂಗಸರು ಆರತಿ ಹಿಡಿದು, ಹಾಡಬೇಕಾದ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ನನ್ನ ಅವ್ವನಿಗೆ ಒಂದೂ ಹಾಡು ಬರುತ್ತಿರಲಿಲ್ಲ. ಅವಳ ಸಿಟ್ಟು, ಸಂತೋಷ ಎರಡೂ ನಮಗೆ ಗೊತ್ತಾಗುತ್ತಿದ್ದದ್ದು ರೊಟ್ಟಿ ಬಡಿಯುವ ಸಪ್ಪಳದಲ್ಲಿ.

ಅಂಥ ಓಣಿಗೆ ಚಂದ್ರಭಾಗಕ್ಕ ಬಂದರು. ಬಜಾರದ ದೊಡ್ಡ ಮನೆಗಳ ಮದುವೆ, ಸೀಮಂತಗಳಲ್ಲಿ ಹಾಡಿ ಹೆಸರು ಮಾಡಿದವರು. ಮದುವೆ ಮಾಡಿಕೊಂಡಿರಲಿಲ್ಲ, ಇದ್ದ ಒಬ್ಬ ತಾಯಿಯೂ ತೀರಿಹೋಗಿದ್ದರು. ಭಟ್ಟಿಯ ಪಕ್ಕದಲ್ಲಿ ಸುಣ್ಣ ತೂಗುತ್ತಿದ್ದ ಹಳೆಯ ತಗಡಿನ ಶೆಡ್ ಒಂದಿತ್ತು. ಅದನ್ನು ಕೇಳಿ ಪಡೆದು, ಗುಡಿಸಿ, ಜಮಖಾನೆ ಹಾಸಿ, ಹಾರ್ಮೋನಿಯಂ ಇಟ್ಟುಕೊಂಡು ಕುಳಿತರು. ಓಣಿಯ ಮಕ್ಕಳಿಗೆ ಹಾಡು ಕಲಿಸುತ್ತೇನೆ, ಯಾರೂ ಏನೂ ಕೊಡಬೇಕಾಗಿಲ್ಲ ಎಂದರು. ಬಜಾರದವರು ಗೇಲಿ ಮಾಡಿ ಅದಕ್ಕೆ 'ಬಿಟ್ಟಿ ಸಾಲಿ' ಎಂದು ಹೆಸರಿಟ್ಟರು. ಅಕ್ಕ ಅದೇ ಹೆಸರನ್ನು ಇದ್ದಿಲಿನಿಂದ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿಬಿಟ್ಟರು.

"ನಿನಗ ಹುಚ್ಚೇನ ಚಂದ್ರಭಾಗಾ? ಇದ್ದದ್ದೆಲ್ಲಾ ಈ ಹುಡುಗ್ರ ಬಾಯಾಗ ಸುರುವಿ ನಾಳೆ ನೀ ಏನ್ ಮಾಡಾಕಿ?" ಎಂದು ಬಜಾರದ ಗೆಳತಿಯರು ಕೇಳಿದರಂತೆ.

"ಇಷ್ಟ ದಿನ ನಾ ಹಾಡೇನಿ. ಇನ್ನ ಮ್ಯಾಲ ಕೂತು ಕೇಳ್ತೇನಿ," ಅಂದರಂತೆ ಅಕ್ಕ.

ನಾನು ಶಾಲೆಗೆ ಸೇರುವ ಹೊತ್ತಿಗೆ ಮುಂಚೆ ಬಂದ ಮಕ್ಕಳು ಅಕ್ಕನ ಹಾಡುಗಳನ್ನು ಹೆಚ್ಚುಕಡಿಮೆ ಖಾಲಿ ಮಾಡಿದ್ದರು. ಓಣಿಯ ಎಷ್ಟೋ ಮನೆಗಳಲ್ಲಿ ಹಾಡು ಕೇಳಿಸತೊಡಗಿತ್ತು. ಆದರೆ ಕಲಿಸುವವರ ಹತ್ತಿರವೇ ಇಲ್ಲದಿದ್ದರೆ ಹೊಸಬರಿಗೆ ಏನು ಕೊಡುವುದು? ಅಕ್ಕ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರಲ್ಲಿ ಹಾಡು ಬೇಡಲು ಹೊರಟರು. ಜೋಳಿಗೆಯಲ್ಲಿ ಬೀಳುವಂಥದ್ದು ಏನೂ ಇರಲಿಲ್ಲ, ಆದರೂ ಬೇಡುವವರ ಹೆಗಲಲ್ಲಿ ಜೋಳಿಗೆ ಕಾಣದಿದ್ದರೆ ಕೊಡುವವರಿಗೆ ಮನಸ್ಸೇ ಬರುವುದಿಲ್ಲ ಎನ್ನುತ್ತಿದ್ದರು. ಅವರ ಹಿಂದೆ ನಾವು ಒಂದಿಷ್ಟು ಮಕ್ಕಳು. ಸಿಕ್ಕ ಹಾಡನ್ನು ಆ ಮನೆಯ ಕಟ್ಟೆಯ ಮೇಲೆಯೇ ಕುಳಿತು ತೆಗೆದುಕೊಳ್ಳಬೇಕಲ್ಲ.

ಮೊದಮೊದಲು ಜನ ಹಳೆಯ ಬಟ್ಟೆ ಕೊಟ್ಟ ಹಾಗೆ ಕೊಟ್ಟರು. ದರ್ಜಿಯೊಬ್ಬ ಅರ್ಧಕ್ಕೇ ನಿಂತುಹೋಗುವ ಹಾಡು ಕೊಟ್ಟ. ಪೋಸ್ಟ್‌ಮನ್ ಸೈಕಲ್ ಮೇಲೆ ಹಾಕುತ್ತಿದ್ದ ಸಿಳ್ಳೆಯನ್ನು ಕೊಟ್ಟ. ಯಾವುದೋ ಕಾಲದ ಚುನಾವಣೆಯ ಹಾಡೊಂದು ನಮ್ಮ ಪಕ್ಕದ ಮನೆಯ ಹುಡುಗನ ಪಾಲಿಗೆ ಬಂತು. ಅವನು ದಿನವಿಡೀ ಸತ್ತುಹೋದ ಉಮೇದುವಾರನಿಗೆ ಓಟು ಕೇಳುತ್ತ ಓಣಿ ಸುತ್ತಿದ. ನಿವೃತ್ತ ಮಾಸ್ತರರೊಬ್ಬರು ಉದಾರವಾಗಿ ಮಗ್ಗಿಯ ರಾಗ ಕೊಟ್ಟುಬಿಟ್ಟು, ಆಮೇಲೆ ಕಿರಾಣಿ ಅಂಗಡಿಯಲ್ಲಿ ಬೆರಳು ಮಡಚುತ್ತ ನಿಲ್ಲುವ ಹಾಗಾಯಿತು. ಅಕ್ಕ ಯಾವುದನ್ನೂ ಬೇಡ ಅನ್ನಲಿಲ್ಲ. ಹಾಡೇ ಇಲ್ಲದ ಬಾಯಿಗೆ ಅರ್ಧ ಹಾಡೂ ಹಬ್ಬವೇ ಆಗಿತ್ತು.

ಊರು ನಿಜವಾಗಿ ಮೆತ್ತಗಾದದ್ದು ಮಕ್ತುಂಸಾಬರಿಂದ. ಬಸ್ ಸ್ಟ್ಯಾಂಡಿನ ಎದುರು ಅವರ ಚಹಾದಂಗಡಿ ಇತ್ತು. ಅವರು ಯಾವುದೋ ಹಳೆಯ ಹಾಡು ಕೊಡಲು ಕುಳಿತು, ಗಿರಾಕಿಯ ಜೊತೆ ಮಾತಾಡುತ್ತ, ಬೆಳಿಗ್ಗೆ ಒಲೆ ಹಚ್ಚುವಾಗ ಗುನುಗುತ್ತಿದ್ದ ಹಾಡನ್ನೇ ನಮ್ಮಲ್ಲಿಯ ಒಬ್ಬ ಹುಡುಗಿಗೆ ಕೊಟ್ಟುಬಿಟ್ಟರು. ಮರುದಿನ ಬೆಂಕಿಕಡ್ಡಿ ಗೀರಿ ಒಲೆಯ ಮುಂದೆ ನಿಂತರೆ ಮುಂದೇನು ಎಂಬುದೇ ಹೊಳೆಯಲಿಲ್ಲ. ಕಡ್ಡಿ ಬೆರಳು ಸುಡುವ ತನಕ ಹಾಗೆಯೇ ನಿಂತಿದ್ದರಂತೆ. ಅವತ್ತಿನಿಂದ ಅವರ ಚಹಾ ನೀರು ನೀರು. ಗಿರಾಕಿಗಳು ಗೊಣಗತೊಡಗಿದರು. ಅಕ್ಕನಿಗೆ ಸಂಕಟವಾಗಿ, "ಸಾಬರ, ಆ ಹುಡುಗಿ ಕಡಿಂದ ತಿರುಗಿ ಕೊಡಸ್ತೇನ್ರೀ," ಎಂದರು.

"ಕೊಟ್ಟದ್ದು ಕೊಟ್ಟೆ ಬಿಡ್ರೀ ಅಕ್ಕಾರ," ಅಂದರು ಮಕ್ತುಂಸಾಬರು. "ಆ ಕೂಸು ಅದನ್ನ ಹಾಡ್ಕೋತ ನೀರಿಗೆ ಹೋಗತೈತಿ, ನಾ ನೋಡೇನಿ. ತಲಿ ಮ್ಯಾಲ ಕೊಡ ಐತಿ ಅನ್ನೂದೂ ಅದಕ್ಕ ಗೊತ್ತಾಗಂಗಿಲ್ಲ. ಚಹಾದ್ದೇನು, ನಾಕ ದಿನಾ ಬೈಸಿಕೊಂಡ್ರಾತು."

ಕೊನೆಗೆ ಅವರ ಹೆಂಡತಿ ತನ್ನದೊಂದು ಹಾಡು ಅವರಿಗೆ ಕೊಟ್ಟ ಮೇಲೆ ಚಹಾ ಸುಧಾರಿಸಿತು. ಈ ಸುದ್ದಿ ಊರಲ್ಲಿ ಹಬ್ಬಿದ್ದೇ ತಡ, ಜನರಿಗೆ ತಾವು ಕೊಟ್ಟ ಹರಕುಮುರುಕು ಹಾಡುಗಳ ಬಗ್ಗೆ ನಾಚಿಕೆಯಾಗಿರಬೇಕು. ಒಳ್ಳೊಳ್ಳೆಯ ಹಾಡುಗಳು ತಾವಾಗಿ ಬಂದವು. ಬಡಿಗೇರರು ಹಾರ್ಮೋನಿಯಂನ ತಿದಿ ಸರಿಮಾಡಿಕೊಟ್ಟರು. ಸೋಮವಾರಕ್ಕೊಮ್ಮೆ ಕಿರಾಣಿ ಅಂಗಡಿಯಿಂದ ಚುರಮರಿ ಬರತೊಡಗಿತು. ಮಳೆಗಾಲಕ್ಕೆ ಮೊದಲು ಯಾರೋ ಬಂದು, ಹೆಸರೂ ಹೇಳದೆ, ಸೋರುವ ತಗಡು ತೆಗೆದು ಹೊಸದು ಹಾಕಿ ಹೋದರು. ಈಗ ನೆನೆಸಿಕೊಂಡರೆ ಅದು ನನ್ನ ಬದುಕಿನ ಎಲ್ಲಕ್ಕಿಂತ ಒಳ್ಳೆಯ ಕಾಲ. ಆಗ ಹಾಗೆ ಅನ್ನಿಸಿರಲಿಲ್ಲ, ಚುರಮರಿ ಕಡಿಮೆ ಬಂತು ಎಂದು ಜಗಳಾಡುತ್ತಿದ್ದೆವು.

ಅಕ್ಕನ ಹತ್ತಿರ ತಮ್ಮದು ಅಂತ ಒಂದೇ ಹಾಡು ಉಳಿದಿತ್ತು. ಅವರ ತಾಯಿ ಕೊಟ್ಟದ್ದು. ಪ್ರತಿ ಸೋಮವಾರ ಸಂಜೆ ಪಾಠ ಮುಗಿದ ಮೇಲೆ ಶೆಡ್ಡಿನ ಬಾಗಿಲಲ್ಲಿ ನಿಂತು ಅದನ್ನು ಹಾಡುತ್ತಿದ್ದರು. ಏಳು ಸಾಲಿನ ಸಣ್ಣ ಹಾಡು. ಹೊತ್ತು ಮುಳುಗಿದರೂ ಆಟ ಬಿಟ್ಟು ಬಾರದ ಮಗಳನ್ನು ತಾಯಿ ಕರೆಯುವ ಹಾಡು. ಮೊದಲ ಸಾಲಿನಲ್ಲಿ ತಾಯಿ ಕರೆಯುತ್ತಾಳೆ, ಕೊನೆಯ ಸಾಲಿನಲ್ಲಿ ಮಗಳು ಓಗೊಡುತ್ತಾಳೆ. ಅಷ್ಟೇ. ಅಷ್ಟಕ್ಕೇ ನೀರು ತರುವ ಹೆಂಗಸರು ಕೊಡ ಇಳಿಸುವುದನ್ನೂ ಮರೆತು ನಿಲ್ಲುತ್ತಿದ್ದರು. ಬಜಾರದವರು ಏನಾದರೊಂದು ನೆವ ಮಾಡಿಕೊಂಡು ಆ ಹೊತ್ತಿಗೆ ನಮ್ಮ ಓಣಿಗೆ ಬರುತ್ತಿದ್ದರು. ಭಟ್ಟಿಯ ಗಂಡಸರು ಕಣ್ಣು ಒರೆಸಿಕೊಂಡು ಹೊಗೆಯನ್ನು ಬೈಯುತ್ತಿದ್ದರು.

ಒಂದು ಚಳಿಗಾಲ ಅಕ್ಕನಿಗೆ ಕೆಮ್ಮು ಹತ್ತಿತು. ಸುಣ್ಣದ ಧೂಳಿನ ಕೆಮ್ಮು, ಬೇಗ ಬಿಡುವಂಥದ್ದಲ್ಲ. ಆ ಹಾಡು ಯಾರಿಗೆ ಹೋಗುತ್ತದೆ ಎಂಬ ಮಾತು ಆಗ ಎದ್ದಿತು. ಶಾಲೆಯಲ್ಲಿ ದೊಡ್ಡವರು ಅಂತ ನಾವು ಏಳು ಮಂದಿ ಇದ್ದೆವು. ಏಳು ಮಂದಿಯಲ್ಲಿ ಆರು ಮಂದಿಗೆ ತಾಯಂದಿರಿದ್ದರು. ನಳದ ಹತ್ತಿರ ಕೊಡ ಇಟ್ಟು ಆರೂ ಜನ ಸೆರಗು ಬಿಗಿದು ನಿಂತರು.

"ನಮ್ಮ ಫಕೀರವ್ವ ಒಂದ್ ದಿನಾ ಸಾಲಿ ತಪ್ಪಿಸಿಲ್ಲ. ನ್ಯಾಯ ಅನ್ನೂದೊಂದು ಇದ್ರ ಆಕಿಗೇ ಬರಬೇಕು," ಎಂದಳು ನನ್ನ ಅವ್ವ. ಫಕೀರವ್ವ ಅಂದರೆ ನಾನು.

"ತಪ್ಪಿಸಿಲ್ಲ ಅಂದ್ರ? ಚುರಮರಿ ಸಲುವಾಗಿ ಹೋಗ್ಯಾಳ ಬಿಡ," ಎಂದಳು ಇನ್ನೊಬ್ಬಳು. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಅವತ್ತು ನಮ್ಮ ಮನೆಯಲ್ಲಿ ರೊಟ್ಟಿ ಬಡಿದ ಸಪ್ಪಳ ಭಟ್ಟಿಯ ತನಕ ಕೇಳಿಸಿತು.

ಏಳನೆಯವಳು ಕೆಂಚಿ. ಅವಳ ತಾಯಿ ಅವಳನ್ನು ಹೆತ್ತಾಗಲೇ ಹೋಗಿದ್ದಳು. ಅಪ್ಪ ದ್ಯಾಮಣ್ಣ ಭಟ್ಟಿಗೆ ಕಲ್ಲು ತುಂಬುವವನು, ಮಾತು ಕಡಿಮೆ. ಹೀಗಾಗಿ ನಳದ ಹತ್ತಿರ ಅವಳ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಜಗಳ ಎಲ್ಲಿಗೆ ಬಂತೆಂದರೆ ತಾಯಂದಿರು ಶಾಲೆಯಲ್ಲಿ ಮಕ್ಕಳು ಒಬ್ಬರ ಪಕ್ಕ ಒಬ್ಬರು ಕೂರಕೂಡದು ಅಂದರು. ನಾವು ಜಮಖಾನೆಯ ಒಂದೊಂದು ಮೂಲೆ ಹಿಡಿದೆವು. ಮೂಲೆ ಸಿಗದವರು ಬಾಗಿಲಿಗೆ ಬೆನ್ನು ಹಾಕಿ ಕುಳಿತರು. ಅಕ್ಕ ಎಲ್ಲವನ್ನೂ ನೋಡಿ, "ನಾಳಿಂದ ಒಬ್ಬೊಬ್ರ ಬರ್ರಿ," ಎಂದರು.

ಒಬ್ಬೊಬ್ಬರಾಗಿ ಹೋದೆವು. ಮೊದಲು ಕೆಂಚಿಯನ್ನು ಕರೆದರು. ಅಕ್ಕ ಎದುರಿಗೆ ಕೂರಿಸಿಕೊಂಡು ನಮಗೆ ಒಬ್ಬೊಬ್ಬರಿಗೆ ಆ ಹಾಡಿನ ಒಂದೊಂದು ಸಾಲು ಕೊಟ್ಟರು.

ಹಾಡನ್ನು ಹರಿಯುವುದೆಂದರೆ ನಮ್ಮ ಊರಲ್ಲಿ ಯಾರೂ ಕಂಡು ಕೇಳಿದ್ದಲ್ಲ. ನನಗೆ ಬಂದದ್ದು ನಾಲ್ಕನೆಯ ಸಾಲು. ಎತ್ತಲೂ ಬಾರದ, ಇಳಿಸಲೂ ಬಾರದ ನಟ್ಟನಡುವಿನ ಸಾಲು. ಅವ್ವ ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಹಾಡಿಸಿದಳು.

"ಇಷ್ಟ?" ಎಂದಳು. "ಮುಂದ?"

"ಇಷ್ಟ."

"ಇದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕಲೇನು?" ಎಂದು ನನ್ನನ್ನು ಎಳೆದುಕೊಂಡೇ ಶೆಡ್ಡಿಗೆ ಹೋದಳು. "ಅಲ್ರೀ ಅಕ್ಕಾರ, ಚಲೋ ಸೀರಿ ಹರದು ತುಂಡು ತುಂಡು ಮಾಡಿ ಹಂಚಿದಂಗಾತಲ್ರೀ. ಯಾರಿಗೂ ಉಡಾಕ ಬರದಂಗ ಮಾಡಿದ್ರಿ."

ಅಕ್ಕ ಕೆಮ್ಮಿ ಸುಧಾರಿಸಿಕೊಂಡು ಅಂದರು: "ಒಂದ ಸೀರಿ ಇತ್ತವಾ, ಏಳು ಮಕ್ಕಳಿದ್ವು. ಯಾವ ಮಗೂನ ಚಳಿಯಾಗ ಬಿಡಲಿ, ನೀನ ಹೇಳು. ಬರೋ ಸೋಮವಾರ ಏಳೂ ಮಂದಿನ್ನ ಸಾಲಾಗಿ ನಿಲ್ಲಸ್ತೇನಿ. ಬಂದು ಕೇಳು, ಆಮ್ಯಾಲ ಬೈಯ್ಯುವಂತಿ."

ಒಂದು ಹಾಡು ಏಳು ಬಾಯಿಂದ ಬರಬಹುದು ಎಂಬುದನ್ನು ಅವ್ವನಿಗೆ ನಂಬಲಾಗಲಿಲ್ಲ. ಆದರೆ ಮಾತು ಬಾಯಿಂದ ಬಾಯಿಗೆ ಹೋಗಿ, ಸೋಮವಾರ ಏನಾಗುತ್ತದೋ ನೋಡೋಣ ಎಂದು ಊರೆಲ್ಲ ಕಾದಿತು. ಅಕ್ಕ ಈಗ ಪೂರ್ತಿ ಖಾಲಿಯಾಗಿದ್ದರು. ಸಂಜೆ ಬಾಗಿಲಿಗೆ ಬಂದು, ಬಾಯಿ ತೆರೆದು, ಏನೂ ಬಾರದೆ, ನಕ್ಕು ಒಳಗೆ ಹೋದದ್ದನ್ನು ನಾನೇ ನೋಡಿದೆ. ನನಗೆ ಅಳು ಬಂತು.

ಅಷ್ಟರಲ್ಲಿ ಭಟ್ಟಿ ನಿಂತುಹೋಯಿತು. ಬಜಾರದ ಮನೆಗಳು ಕೆಲವು ವರ್ಷಗಳಿಂದ ಸುಣ್ಣ ಬಿಟ್ಟು ಡಬ್ಬಿಯ ಬಣ್ಣಕ್ಕೆ ಹೊರಳಿದ್ದವು. ಹಸಿರು ಮನೆ, ಗುಲಾಬಿ ಮನೆ, ಒಂದು ನೇರಳೆ ಮನೆ ಕೂಡ ಇತ್ತು. ಸುಣ್ಣ ಕೇಳುವವರಿಲ್ಲದೆ ಭಟ್ಟಿಯ ಮಾಲೀಕರು ಬೆಂಕಿ ಆರಿಸಿದರು. ಗುಡ್ಡದ ಆಚೆಯ ಊರಿನ ಭಟ್ಟಿಯಲ್ಲಿ ಕೆಲಸವಿದೆ ಎಂದು ದ್ಯಾಮಣ್ಣನಿಗೆ ಕರೆ ಬಂತು. ಸೋಮವಾರದ ತನಕ ಕಾಯುವ ಹಾಗಿರಲಿಲ್ಲ, ಭಾನುವಾರ ಬೆಳಿಗ್ಗೆಯೇ ಗಾಡಿ ಹೊರಡುವುದಿತ್ತು.

ಕೆಂಚಿ ಹೋದರೆ ಮೊದಲ ಸಾಲೂ ಹೋದಂತೆ. ಆಗ ತಾಯಂದಿರೆಲ್ಲ ಒಂದಾದರು. "ಹೋಗಾಕಿ ಹೋಗ್ಲಿ. ಸಾಲು ಇಲ್ಲೇ ಇಟ್ಟು ಹೋಗ್ಲಿ," ಎಂದರು. ಯಾರಿಗೆ ಕೊಡಬೇಕು ಎಂದಾಗ ನನ್ನ ಹೆಸರು ಬಂತು, ಕೆಂಚಿಯ ಜೊತೆ ಸದಾ ಇರುತ್ತಿದ್ದವಳು ನಾನೇ ಎಂದು. ಅವ್ವನ ಮುಖ ಅರಳಿತು. ಏಳರಲ್ಲಿ ಎರಡು ಸಾಲು ನಮ್ಮ ಮನೆಗೆ!

ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನು ಜಮಖಾನೆಯ ಮೇಲೆ ಎದುರುಬದುರು ಕೂರಿಸಿದರು. ಸುತ್ತ ಹೆಂಗಸರು ನಿಂತರು. ದ್ಯಾಮಣ್ಣ ಗಂಟುಮೂಟೆ ಹೇರಿದ ಗಾಡಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಒಂದೇ ಮಾತು ಕೇಳಿದರು, "ಕೆಂಚವ್ವಾ, ನಿನಗ ಕೊಡಾಕ ಮನಸೈತೇನು?"

ಕೆಂಚಿ ತನ್ನ ಕಾಲಬೆರಳು ನೋಡುತ್ತ ಕುಳಿತಳು. "ಐತ್ರೀ, ಐತಿ," ಎಂದು ಹೆಂಗಸರೇ ಉತ್ತರ ಕೊಟ್ಟರು.

ಕೆಂಚಿ ಹಾಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹೊತ್ತು ಮುಳುಗಿತು, ಮನೆಗೆ ಬಾ ಎಂದು ಅವಳನ್ನು ಈ ಜನ್ಮದಲ್ಲಿ ಯಾರೂ ಕರೆದಿರಲಿಲ್ಲ. ನಮ್ಮನ್ನೆಲ್ಲ ನಮ್ಮ ತಾಯಂದಿರು ಬಾಗಿಲಿಗೆ ಬಂದು ಕೂಗಿ ಕರೆಯುವಾಗ ಅವಳು ತಾನಾಗಿ ಎದ್ದು ಮನೆಗೆ ಹೋಗುತ್ತಿದ್ದಳು. ಈಗ ತಾಯಿಯ ಕರೆ ಅವಳ ಹತ್ತಿರ ಇತ್ತು, ಬೇಕಾದಾಗ ತನಗೆ ತಾನೇ ಹಾಡಿಕೊಳ್ಳಬಹುದಿತ್ತು. ಅದನ್ನು ನಾವು ಕಿತ್ತುಕೊಳ್ಳಲು ಕುಳಿತಿದ್ದೆವು.

ನಾನು ಬೇಕೆಂದೇ ತಪ್ಪು ಹಾಡಿದೆ. ಸಾಲಿನ ಕೊನೆಯಲ್ಲಿ ಸ್ವರ ಏರಬೇಕಾದ ಕಡೆ ಇಳಿಸಿದೆ. ಹೆಂಗಸರು ಇನ್ನೊಮ್ಮೆ ಅಂದರು. ಕೆಂಚಿ ಇನ್ನೊಮ್ಮೆ ಹಾಡಿದಳು, ನಾನು ಅಲ್ಲಿಯೇ ಮತ್ತೆ ಇಳಿಸಿದೆ. ಅವ್ವ ನನ್ನ ತೋಳು ಚಿವುಟಿ, "ಇಷ್ಟ ದಡ್ಡಿ ಅದೀ ಅಂತ ನಂಗ ಗೊತ್ತಿರಲಿಲ್ಲ," ಎಂದಳು. ಮತ್ತೆ ಹಾಡಿಸಿದರು, ಮತ್ತೆ ತಪ್ಪಿದೆ. ಬೇರೆ ಹುಡುಗಿಯನ್ನು ಕೂರಿಸೋಣ ಎಂದು ಯಾರೋ ಅನ್ನುವಷ್ಟರಲ್ಲಿ ಗಾಡಿಯವನು ತಾಳ್ಮೆಗೆಟ್ಟು ಎತ್ತುಗಳನ್ನು ಹೊರಡಿಸಿಯೇಬಿಟ್ಟ. ದ್ಯಾಮಣ್ಣ ಒಳಗೆ ಬಂದು ಮಗಳ ಕೈ ಹಿಡಿದು ಎಬ್ಬಿಸಿದ. ಕೆಂಚಿ ನನ್ನನ್ನೇ ನೋಡುತ್ತ ಹೋದಳು.

ಹೆಂಗಸರು ನನಗೆ ಶಾಪ ಹಾಕುತ್ತ ಚದುರಿದರು. ಅಕ್ಕ ಜಮಖಾನೆ ಸುತ್ತುವ ನೆವದಲ್ಲಿ ನನ್ನ ಹತ್ತಿರ ಬಗ್ಗಿ, "ಪ್ರತಿ ಸಲ ಒಂದ ಜಾಗಾದಾಗ, ಒಂದ ನಮೂನಿ ತಪ್ಪು ಹಾಡಬೇಕಂದ್ರ ಭಾಳ ಚಲೋ ಕಿವಿ ಬೇಕ ನೋಡವಾ," ಎಂದರು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ.

ಸೋಮವಾರ ನಾವು ಆರು ಮಂದಿ ಊರಿನ ಮುಂದೆ ನಿಂತೆವು. ಮೊದಲ ಸಾಲಿಲ್ಲದೆ ಎರಡನೆಯ ಸಾಲಿನವಳಿಗೆ ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದೇ ತಿಳಿಯಲಿಲ್ಲ. ಅವಳು ಎಲ್ಲಿಂದಲೋ ಹಿಡಿದಳು, ಮೂರನೆಯವಳು ಇನ್ನೆಲ್ಲಿಂದಲೋ. ನನ್ನ ಸಾಲು ಬರುವಷ್ಟರಲ್ಲಿ ಸಂತೆಯ ಗದ್ದಲವಾಗಿತ್ತು. ಯಾರೂ ಕರೆಯದೆ ಕೊನೆಯ ಸಾಲಿನ ಮಗಳು ಓಗೊಟ್ಟಳು. ಅದು ಹಾಡಾಗಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದುಹೋದರು. ಅಕ್ಕ ಕೊನೆಯ ತನಕ ಕುಳಿತಿದ್ದರು.

ಸೋಮವಾರದ ಹಾಡು ನಿಂತ ಮೇಲೆ ಬಜಾರದವರು ಓಣಿಗೆ ಬರುವುದು ನಿಂತಿತು. ಬರುವುದು ನಿಂತ ಮೇಲೆ ಕೊಡುವುದೂ ಕಡಿಮೆಯಾಯಿತು. ಹೊಸ ಮಕ್ಕಳು ತಾಯಂದಿರ ಕೈ ಹಿಡಿದು ಬಂದರೆ ಅಕ್ಕ ಅವರಿಗೆ ಕಥೆ ಹೇಳಿ, ತಾಳ ಹಾಕುವುದನ್ನು ತೋರಿಸಿ ಕಳಿಸುತ್ತಿದ್ದರು. ಹಾಡೇ ಇಲ್ಲದೆ ಹಾಡಿನ ಶಾಲೆ ಎಷ್ಟು ದಿನ ನಡೆದೀತು? ಮಳೆಗಾಲ ಮುಗಿದ ಮೇಲೆ ಶೆಡ್ಡಿನ ಬೀಗದ ಕೈ ಮಾಲೀಕರಿಗೆ ಕೊಟ್ಟುಬಿಡುತ್ತೇನೆ ಎಂದು ಅಕ್ಕ ಅಂದದ್ದು ಊರಿಗೆಲ್ಲ ಗೊತ್ತಾಯಿತು. ನಾನು ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸಲಿಲ್ಲ, ಆದರೆ ರಾತ್ರಿ ಊಟ ಸೇರುತ್ತಿರಲಿಲ್ಲ.

ದಾರಿ ಹೊಳೆದದ್ದು ಮತ್ತೆ ಮಕ್ತುಂಸಾಬರಿಗೇ. ಅಂಗಡಿಯಲ್ಲಿ ಜನ ಹೋದ ಹಾಡಿನ ಬಗ್ಗೆ ಲೊಚಗುಟ್ಟುತ್ತ ಕುಳಿತಿದ್ದಾಗ ಅವರು ಸೋಸುತ್ತಿದ್ದ ಚಹಾ ಕೆಳಗಿಟ್ಟು ಅಂದರು: "ಬರೇ ಬಾಯಿ ಬಡಕೊಂಡ್ರ ಏನ್ ಬಂತು? ಭಟ್ಟಿ ಹತ್ತಿದ್ರ ದ್ಯಾಮಣ್ಣ ಬರ್ತಾನು. ದ್ಯಾಮಣ್ಣ ಬಂದ್ರ ಆ ಕೂಸು ಬರತೈತಿ. ಭಟ್ಟಿ ಹತ್ತಬೇಕಂದ್ರ ಸುಣ್ಣ ಬೇಕು ಅನ್ನೋರು ಬೇಕು. ನನ್ನ ಅಂಗಡಿ ಗ್ವಾಡಿ ನೋಡ್ರಿ, ಹೊಗಿ ಹಿಡದು ಹಂಚಿನ ತಳ ಆಗೇತಿ. ನಂಗ ಸುಣ್ಣ ಬೇಕು. ನಿಮಗ?"

ಮೊದಲು ನಕ್ಕರು. ಆಮೇಲೆ ದರ್ಜಿ ತನಗೂ ಬೇಕೆಂದ. ಮಾಸ್ತರರು ತಮ್ಮ ಮನೆಗೆ ಬೇಕೆಂದರು. ಸುದ್ದಿ ಬಜಾರಕ್ಕೆ ಹೋಯಿತು. ಸೋಮವಾರ ಸಂಜೆ ಮನೆಯಲ್ಲಿ ಸುಮ್ಮನೆ ಕುಳಿತು ಬೇಸತ್ತಿದ್ದ ದೊಡ್ಡ ಮನೆಗಳ ಹೆಂಗಸರು ಗಂಡಂದಿರ ಬೆನ್ನು ಹತ್ತಿದರು. ಹಸಿರು ಮನೆಯವರು ಹಸಿರು ಕೆರೆಸಿದರು, ಗುಲಾಬಿಯವರು ಗುಲಾಬಿ ಕೆರೆಸಿದರು. ನೇರಳೆ ಮನೆಯವರು ಮಾತ್ರ ಸ್ವಲ್ಪ ದಿನ ಬಿಗುಮಾನ ಮಾಡಿ, ಕೊನೆಗೆ ಹಿತ್ತಲ ಗೋಡೆಗಾದರೂ ಇರಲಿ ಎಂದರು. ಸುಣ್ಣದ ಬೇಡಿಕೆ ಬಂದು ಬಿದ್ದದ್ದೇ ಮಾಲೀಕರು ಭಟ್ಟಿ ಹಚ್ಚಿಸಿದರು, ಬಿಟ್ಟುಹೋದವರಿಗೆಲ್ಲ ಹೇಳಿಕಳಿಸಿದರು.

ಆ ವರ್ಷ ನಮ್ಮ ಊರು ಬೆಳ್ಳಗಾದ ಹಾಗೆ ಮತ್ತೆ ಯಾವತ್ತೂ ಆಗಲಿಲ್ಲ. ಗೋಡೆ ಮುಗಿದ ಮೇಲೆ ಕಟ್ಟೆಗೆ ಬಳಿದರು, ಕಟ್ಟೆ ಮುಗಿದ ಮೇಲೆ ಬೇವಿನ ಮರದ ಬುಡಕ್ಕೆ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿಗೆ. ಭಟ್ಟಿ ಆರಬಾರದು ಅನ್ನುವ ಹುರುಪಿನಲ್ಲಿ ಒಬ್ಬ ಎಮ್ಮೆಗೂ ಬಳಿಯಲು ಹೋಗಿ ಒದೆಸಿಕೊಂಡ. ಗೋಡೆಗೆ ಒರಗಿದವರ ಬೆನ್ನೆಲ್ಲ ಬಿಳಿ. ಯಾರದಾದರೂ ಬೆನ್ನಿನಲ್ಲಿ ಸುಣ್ಣ ಕಾಣದಿದ್ದರೆ, "ಏನ್ರೀ, ನಿಮ್ಮ ಮನಿಗೆ ಇನ್ನೂ ಆಗಿಲ್ಲೇನು?" ಎಂದು ಕೇಳುತ್ತಿದ್ದರು. ಹಸಿ ಸುಣ್ಣದ ಆ ವಾಸನೆ ಈಗಲೂ ಎಲ್ಲಿಯಾದರೂ ಬಂದರೆ ನಾನು ನಡೆಯುವುದನ್ನು ನಿಲ್ಲಿಸಿಬಿಡುತ್ತೇನೆ.

ಒಂದು ಮಧ್ಯಾಹ್ನ ಗಾಡಿ ಬಂತು. ಗಂಟುಮೂಟೆಯ ಮೇಲೆ ಕೆಂಚಿ ಕುಳಿತಿದ್ದಳು. ಕಪ್ಪಗಾಗಿದ್ದಳು, ಉದ್ದವಾಗಿದ್ದಳು. ಗಾಡಿಯಿಂದ ಜಿಗಿದು ನೇರ ನನ್ನ ಹತ್ತಿರ ಬಂದಳು.

"ಅವತ್ತ ಯಾಕ ತಪ್ಪು ಹಾಡಿದಿ?"

"ನಂಗ ಬರಲಿಲ್ಲ."

"ಸುಳ್ಳ ಹೇಳಬ್ಯಾಡ," ಎಂದು ನನ್ನ ಜಡೆ ಹಿಡಿದು ಎಳೆದಳು. ಎಳೆದು ಅಳತೊಡಗಿದಳು. ನಾನೂ ಅತ್ತೆ. ಆಚೆಯ ಊರಿನಲ್ಲಿ ದಿನಾ ಸಂಜೆ ಕಲ್ಲಿನ ರಾಶಿಯ ಹಿಂದೆ ಕುಳಿತು ಆ ಸಾಲು ಹಾಡಿಕೊಳ್ಳುತ್ತಿದ್ದಳಂತೆ.

ಮುಂದಿನ ಸೋಮವಾರ ಶೆಡ್ಡಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಬಹಳ ಇಳಿದುಹೋಗಿದ್ದರು. ಅವರನ್ನು ಜಮಖಾನೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ನಾವು ಏಳು ಮಂದಿ ಎದುರಿಗೆ ಸಾಲಾಗಿ ನಿಂತೆವು. ಕೆಂಚಿ ಕರೆದಳು. ಆ ಕರೆಯ ತುದಿಯನ್ನು ಎರಡನೆಯವಳು ಹಿಡಿದಳು, ಅವಳ ಕೈಯಿಂದ ಮೂರನೆಯವಳು, ಅವಳಿಂದ ನಾನು. ನನ್ನ ತಲೆಬುಡವಿಲ್ಲದ ಸಾಲಿಗೆ ಹಿಂದೆಯೂ ಮುಂದೆಯೂ ಮನೆ ಸಿಕ್ಕಿತು. ಕೊನೆಯ ಸಾಲಿನವಳು ಓಗೊಟ್ಟಳು. ನನ್ನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಕ್ಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಇದು ನನ್ನ ಕಡೆ ಇತ್ತೇನ್ರವಾ?" ಎಂದರು. "ಇಷ್ಟ ಚಲೋದು?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, ಹೊಸದಾಗಿ ಶಾಲೆಗೆ ಬಂದ ಮಗು ಕೇಳುವ ಹಾಗೆ, ಸಣ್ಣ ಧ್ವನಿಯಲ್ಲಿ ಕೇಳಿದರು, "ನನಗೂ ಕಲಸ್ತೀರೇನು?"

ಹೊರಗೆ ಗುಸುಗುಸು ಎದ್ದಿತು. "ಅಲ್ರೀ ಅಕ್ಕಾರ, ಈಗ ಕೊಟ್ರ ಹುಡುಗ್ರ ಕಡೆ ಏನೂ ಉಳಿಯಂಗಿಲ್ಲಲ್ರೀ," ಎಂದು ನನ್ನ ಅವ್ವನೇ ಅಂದಳು. ಈ ಸಾಲುಗಳ ಸಲುವಾಗಿ ಊರಿಗೆ ಊರೇ ಸುಣ್ಣ ಬಳಿದುಕೊಂಡಿತ್ತಲ್ಲ.

ಅಕ್ಕನಿಗೆ ನಾಚಿಕೆಯಾಯಿತು. "ಬ್ಯಾಡವಾ, ಬ್ಯಾಡ. ಸುಮ್ಮನ ಬಾಯಿಗೆ ಬಂತು, ಅಂದೆ," ಎಂದು ಕೈಯಾಡಿಸಿದರು.

ಕೆಂಚಿ ಸಾಲು ಬಿಟ್ಟು ಮುಂದೆ ಹೋದಳು. ಈ ಸಲ ಅವಳಿಗೆ ಮನಸ್ಸಿದೆಯೇ ಎಂದು ಯಾರೂ ಕೇಳಲಿಲ್ಲ, ಯಾರೂ ಅವಳ ಪರವಾಗಿ ಉತ್ತರ ಕೊಡಲಿಲ್ಲ. ಅಕ್ಕನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು ತನ್ನ ಸಾಲು ಹಾಡಿದಳು. ಅಕ್ಕ ತಿರುಗಿ ಹಾಡಿದರು. ಕೊನೆಯಲ್ಲಿ ಸ್ವರ ಏರಿಸಬೇಕಾದ ಕಡೆ ಉಸಿರು ಸಾಲದೆ ತಪ್ಪಿತು.

"ಹಂಗಲ್ರೀ ಅಕ್ಕಾರ," ಎಂದಳು ಕೆಂಚಿ. "ಇನ್ನೊಂದ ಸಲ ಕೇಳ್ರಿ."

ಎರಡನೆಯ ಸಲ ಅಕ್ಕ ಸರಿಯಾಗಿ ಹಾಡಿದರು. ಕೆಂಚಿ ಬಾಯಿ ತೆರೆದು ನೋಡಿ, ಏನೂ ಬಾರದೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕುಳಿತೆವು. ನನ್ನ ಸಾಲು ಹೇಗಿತ್ತು ಎಂದು ಈಗ ಕೇಳಿದರೆ ನಾನು ಹೇಳಲಾರೆ. ಅದನ್ನು ತೆಗೆದುಕೊಳ್ಳುವಾಗ ಅಕ್ಕ ಕಣ್ಣು ಮುಚ್ಚಿ, ಹುಬ್ಬು ಗಂಟುಹಾಕಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ತುಟಿ ಆಡಿಸಿದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಆ ಶಾಲೆ ಇವತ್ತಿಗೂ ಅದೇ ಹಾಡಿನ ಮೇಲೆ ನಡೆಯುತ್ತಿದೆ. ಹೊಸಬರು ಸಾಲು ತೆಗೆದುಕೊಳ್ಳುತ್ತಾರೆ, ದೊಡ್ಡವರಾಗಿ ಹೋಗುವಾಗ ಕಲಿಸುವವರಿಗೆ ತಿರುಗಿ ಕೊಟ್ಟು ಹೋಗುತ್ತಾರೆ.

ಏಳನೆಯ ಸಾಲೂ ಬಂದ ಮೇಲೆ ಅಕ್ಕ ಗೋಡೆ ಹಿಡಿದು ಎದ್ದರು. ನಾವು ಹೊರಗೆ ಬಂದು ಜನರ ನಡುವೆ ನಿಂತೆವು. ಹೊತ್ತು ಮುಳುಗುತ್ತಿತ್ತು, ಬಿಳಿ ಗೋಡೆಗಳೆಲ್ಲ ಕೆಂಪಗಾಗಿದ್ದವು. ಅಕ್ಕ ಬಾಗಿಲಿಗೆ ಬಂದು, ಚೌಕಟ್ಟಿಗೆ ಕೈ ಕೊಟ್ಟು, ಮಗಳನ್ನು ಕರೆಯುವ ಆ ಮೊದಲ ಸಾಲನ್ನು ಎತ್ತಿಕೊಂಡರು. ಸಾಲು ಇನ್ನೂ ಮುಗಿದಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಕೆಂಚಿ ರಾಗವೇ ಇಲ್ಲದ ತನ್ನ ಬರಿಯ ಧ್ವನಿಯಲ್ಲಿ "ಬಂದೆ ಯವ್ವಾ" ಎಂದು ಕೂಗಿ, ಜನರನ್ನು ತಳ್ಳಿಕೊಂಡು ಬಾಗಿಲ ಕಡೆ ಓಡಿದಳು.